ಹಸಿರು ಬೋರ್ಡು, ಕಂದು ಬೋರ್ಡು

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ನೂರಿಪ್ಪತ್ತು ವರ್ಷ ನೆಲದೊಳಗೆ ಇಳಿಯುತ್ತ ಇಳಿಯುತ್ತ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳ ಮುಟ್ಟಿ, ಸುಮಾರು 800 ಟನ್ ಬಂಗಾರ ಕೊಟ್ಟ ಗಣಿ ಅದು. ಅದಿರಿನಲ್ಲಿ ಬಂಗಾರ ತೆಳುವಾಯಿತು, ಖರ್ಚು ಏರಿತು, ಕೊನೆಗೆ ಬಾಗಿಲು ಹಾಕಿದರು. ಅದೇ ಹೊತ್ತಿನಲ್ಲಿ ನಮ್ಮ ಬಾದಾಮಿ, ಹುನಗುಂದದಂಥ ತಾಲ್ಲೂಕು ಊರುಗಳಿಗೆ ರಟ್ಟಿನ ಪೆಟ್ಟಿಗೆಗಳು ಬಂದು ಇಳಿಯುತ್ತಿದ್ದವು. ಭೂಮಿ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್ ಬಂತು. ತಲಾಟಿಯ ಕೈಬರಹದ ಉತಾರದ ಬದಲು ಅಚ್ಚಾದ ಉತಾರ ರೈತನ ಕೈಗೆ ಬಂತು. ಮಾಹಿತಿ ಸಿಂಧು ಎಂಬ ಇನ್ನೊಂದು ಯೋಜನೆಯಲ್ಲಿ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟರು. ಒಂದು ಕಡೆ ಬಂಗಾರದ ಗಣಿ ಮುಚ್ಚುತ್ತಿದ್ದಾಗ ಇನ್ನೊಂದು ಕಡೆ ಬಂಗಾರವೇ ಚೂರು ಚೂರಾಗಿ, ಆ ಪೆಟ್ಟಿಗೆಗಳೊಳಗೆ ಅಡಗಿಕೊಂಡು, ನಮ್ಮ ಊರುಗಳಿಗೆ ಬರುತ್ತಿತ್ತು.

ಆ ಯಂತ್ರಗಳು ಈಗ ಕೆಲಸಕ್ಕೆ ಬರುವುದಿಲ್ಲ. ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಸಹಕಾರಿ ಸಂಘದ ಅಟ್ಟದ ಮೇಲೆ, ಮುಚ್ಚಿಹೋದ ಸೈಬರ್ ಕೆಫೆಯ ಹಿಂಬದಿಯಲ್ಲಿ ಧೂಳು ತಿನ್ನುತ್ತಿವೆ. ಕೆಲವು ಗುಜರಿಗೆ ಹೋಗಿವೆ, ಉಳಿದವು ಹೋಗಲಿವೆ. ಹೋಗುವ ದಾರಿಯಲ್ಲಿ ಅವುಗಳೊಳಗಿನ ಬೋರ್ಡುಗಳನ್ನು ಹೇಗೆ ವಿಂಗಡಿಸಬೇಕು, ಎಲ್ಲಿಯವರೆಗೆ ನಮ್ಮ ಕೈ ಆಡಬಹುದು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ನನ್ನ ಊರು ಮಹಾಕೂಟದ ಹತ್ತಿರ. ಬಾದಾಮಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಟ್ಟ ಬೋರ್ಡುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ.

ನಮ್ಮ ಕಡೆ ಹಳೆಯ ಕಂಪ್ಯೂಟರನ್ನು ಮಾರುವ ರೀತಿ ನಿಮಗೆ ಗೊತ್ತಿರುವುದೇ. ಮೋಡಕಾ ಸಾಮಾನಿನ ಗಾಡಿ ಬರುತ್ತದೆ. ಪೆಟ್ಟಿಗೆಯನ್ನು ಇಡಿಯಾಗಿ ತಕ್ಕಡಿಗೆ ಹಾಕುತ್ತಾರೆ. ಕಬ್ಬಿಣದ ದರವನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕೊಟ್ಟು ಒಯ್ಯುತ್ತಾರೆ. ನನ್ನ ಅಂಗಡಿಗೆ ಬರುವ ಹಿರಿಯ ಗುಜರಿ ವ್ಯಾಪಾರಿಯೊಬ್ಬರನ್ನು ಒಮ್ಮೆ ಕೇಳಿದೆ:

“ಚಾಚಾ, ಟಿವಿ ಬೋರ್ಡು, ಕಂಪ್ಯೂಟರ್ ಬೋರ್ಡು ಎಲ್ಲಾ ಒಂದ ಚೀಲಕ್ಕ ತುಂಬೀರಲ್ಲ, ಬ್ಯಾರೆ ಬ್ಯಾರೆ ಯಾಕ ಇಡೂದಿಲ್ಲ?”

“ಇಡಬೇಕ್ರಿ ಸರ, ಖರೆ. ಆದ್ರ ಯಾವುದು ಯಾವುದಂತ ನಮಗ ಯಾರ್ ಹೇಳಿಕೊಟ್ಟಾರ್ರಿ? ಹುಬ್ಬಳ್ಳಿಯಾಂವ ಬಂದು ಚೀಲ ನೋಡತಾನ, ಒಂದ ರೇಟು ಹೇಳತಾನ, ನಾವು ಹೂಂ ಅಂತೀವಿ.”

ಅವರು ಹೇಳಿದ್ದು ಅಕ್ಷರಶಃ ನಿಜ. ಈ ಕಸುಬಿನ ತಿಳಿವಳಿಕೆ ದೊಡ್ಡ ಊರಿನ ಕೊಳ್ಳುವವನ ಬಳಿ ಇದೆ, ಸಣ್ಣ ಊರಿನ ಮಾರುವವನ ಬಳಿ ಇಲ್ಲ. ಚೀಲ ಬೆರಕೆಯಾಗಿದ್ದರೆ ಬೆಲೆ ಯಾವಾಗಲೂ ಅದರೊಳಗಿನ ಕಡೆಯ ಸಾಮಾನಿನದೇ ಆಗುತ್ತದೆ.

ಹಾಗಾದರೆ ಬೋರ್ಡಿಗೂ ಬೋರ್ಡಿಗೂ ವ್ಯತ್ಯಾಸ ಎಷ್ಟು? ಯುರೋಪಿನ ಲೋಹ ಕರಗಿಸುವ ಕಾರ್ಖಾನೆಗಳ ತಜ್ಞರು 2006ರ ಸುಮಾರಿಗೆ ಪ್ರಕಟಿಸಿದ ಲೆಕ್ಕವೊಂದಿದೆ. ಹಳೆಯ ಟಿವಿಯ ಬೋರ್ಡು ಒಂದು ಟನ್ ಇದ್ದರೆ ಅದರಲ್ಲಿ ಸುಮಾರು 20 ಗ್ರಾಂ ಬಂಗಾರ, 280 ಗ್ರಾಂ ಬೆಳ್ಳಿ, 100 ಕಿಲೋ ತಾಮ್ರ ಇರುತ್ತದೆ. ಅದೇ ಒಂದು ಟನ್ ಕಂಪ್ಯೂಟರ್ ಬೋರ್ಡಿನಲ್ಲಿ ಸುಮಾರು 250 ಗ್ರಾಂ ಬಂಗಾರ, ಒಂದು ಕಿಲೋ ಬೆಳ್ಳಿ, 110 ಗ್ರಾಂ ಪಲ್ಲೇಡಿಯಂ, 200 ಕಿಲೋ ತಾಮ್ರ. ಬಂಗಾರವೊಂದರಲ್ಲೇ ಹನ್ನೆರಡು ಪಟ್ಟು ಅಂತರ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದವನು ತನ್ನ ದುಡಿಮೆಯನ್ನು ತಾನೇ ಚೆಲ್ಲಿದ ಹಾಗೆ. ನಮ್ಮ ಮನೆಗಳಲ್ಲಿ ಅವ್ವಂದಿರು ಮೊರ ಹಿಡಿದು ಜೋಳ ಹಸನು ಮಾಡುವಾಗ ಕಲ್ಲು, ಕಡ್ಡಿ, ಜೊಳ್ಳುಗಳನ್ನು ಬೇರೆ ಬೇರೆ ಮಾಡುತ್ತಾರಲ್ಲ, ಬೋರ್ಡು ವಿಂಗಡಿಸುವುದೂ ಅಂಥದೇ ಕೆಲಸ. ಕಣ್ಣು ಪಳಗಬೇಕು, ಅವಸರ ಇರಬಾರದು.

ಮೊದಲು ಎರಡು ದೊಡ್ಡ ಗುಂಪು ಮಾಡಿಕೊಳ್ಳಿ. ಒಂದು ಕಂದು ಬೋರ್ಡು. ಇದನ್ನು ಕಾಗದದ ಪದರಗಳಿಗೆ ರಾಳ ಹಾಕಿ ಒತ್ತಿ ಮಾಡಿರುತ್ತಾರೆ. ಮುರಿದರೆ ರಟ್ಟಿನ ಹಾಗೆ ಮುರಿಯುತ್ತದೆ, ತಾಮ್ರದ ಗೆರೆಗಳು ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ಇರುತ್ತವೆ. ಹಳೆಯ ಟಿವಿ, ಡಬ್ಬಿಯಂಥ ಮಾನಿಟರು, ಕಂಪ್ಯೂಟರಿನ ಪವರ್ ಸಪ್ಲೈ, ಯುಪಿಎಸ್ಸು, ಇವುಗಳಲ್ಲಿ ಸಿಗುವುದು ಬಹುಪಾಲು ಇದೇ. ಮೇಲೆ ದಪ್ಪನೆಯ ಟ್ರಾನ್ಸ್‌ಫಾರ್ಮರು, ದೊಡ್ಡ ಕೆಪಾಸಿಟರುಗಳು, ಅಲ್ಯೂಮಿನಿಯಂ ತುಂಡುಗಳು ಕುಳಿತಿರುವುದರಿಂದ ತೂಕ ಬರುತ್ತದೆ. ಆದರೆ ಬೆಲೆಬಾಳುವ ಲೋಹ ಕಡಿಮೆ.

ಇನ್ನೊಂದು ಗಾಜಿನ ನೂಲಿನ ಬೋರ್ಡು. ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ರಾಳ ಹಚ್ಚಿ ಪದರ ಪದರವಾಗಿ ಕೂಡಿಸಿ ಮಾಡಿದ್ದು. ಮುರಿಯಲು ಹೋದರೆ ಬಾಗುತ್ತದೆ, ಸುಲಭಕ್ಕೆ ಜಗ್ಗುವುದಿಲ್ಲ. ಮದರ್‌ಬೋರ್ಡು, ರ‍್ಯಾಮ್ ಪಟ್ಟಿ, ನೆಟ್‌ವರ್ಕ್ ಕಾರ್ಡು, ಹಾರ್ಡ್‌ಡಿಸ್ಕಿನ ಬೆನ್ನಿಗಿರುವ ಚಿಕ್ಕ ಬೋರ್ಡು, ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳು ಈ ಜಾತಿಯವು. ಇವನ್ನು ಹಸಿರು ಬೋರ್ಡು ಅನ್ನುತ್ತಾರೆ, ಆದರೆ ಬಣ್ಣವನ್ನೇ ನಂಬಬೇಡಿ. ಮೇಲಿನ ಬಣ್ಣ ಬರೀ ಒಂದು ಲೇಪ. ನೀಲಿ, ಕೆಂಪು, ಕಪ್ಪು ಮದರ್‌ಬೋರ್ಡುಗಳೂ ಉಂಟು, ಅಗ್ಗದ ಬೋರ್ಡಿಗೆ ಹಸಿರು ಬಳಿದಿರುವುದೂ ಉಂಟು. ನೋಡಬೇಕಾದದ್ದು ಮೇಲೆ ಕುಳಿತ ಕಪ್ಪು ಚಿಪ್ಪುಗಳು ಎಷ್ಟು ಒತ್ತಾಗಿವೆ, ತೂರುವ ಅಂಚಿನಲ್ಲಿ ಹಳದಿ ಬೆರಳುಗಳ ಸಾಲು ಇದೆಯೇ, ಎರಡೂ ಮಗ್ಗುಲಲ್ಲಿ ಗೆರೆಗಳು ಓಡಿವೆಯೇ ಎಂಬುದನ್ನು.

ಆ ಹಳದಿ ಬೆರಳುಗಳ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಜನ ಮೋಸಹೋಗುವುದು ಅಲ್ಲಿಯೇ. ರ‍್ಯಾಮ್ ಪಟ್ಟಿಯನ್ನು ಮತ್ತೆ ಮತ್ತೆ ತೆಗೆದು ಹಾಕುವುದರಿಂದ ಅದರ ಅಂಚು ಸವೆಯಬಾರದು, ತುಕ್ಕು ಹಿಡಿಯಬಾರದು. ಅದಕ್ಕೆ ಅಲ್ಲಿ ಗಟ್ಟಿ ಬಂಗಾರದ ಲೇಪ ಕೊಡುತ್ತಾರೆ. ಅದು ಒಂದು ಮೈಕ್ರಾನಿಗಿಂತಲೂ ತೆಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಬೋರ್ಡಿನ ಮೈಮೇಲೆ ಅಲ್ಲಲ್ಲಿ ಹೊಳೆಯುವ ಹಳದಿ ಚುಕ್ಕೆಗಳ ಲೇಪ ಅದಕ್ಕಿಂತಲೂ ಹತ್ತು ಪಟ್ಟು ತೆಳು. ಹೊಳೆಯುವುದೆಲ್ಲ ಒಂದೇ ತೂಕದ ಬಂಗಾರವಲ್ಲ. ಕಣ್ಣಿಗೇ ಕಾಣದ ಬಂಗಾರವೂ ಇದೆ: ಕಪ್ಪು ಚಿಪ್ಪಿನ ಹೊಟ್ಟೆಯೊಳಗೆ, ಸಿಲಿಕಾನಿನ ತುಣುಕಿನಿಂದ ಹೊರಗಿನ ಕಾಲುಗಳಿಗೆ ಹೊಲಿದ ನವಿರಾದ ಬಂಗಾರದ ತಂತಿಗಳು. ಹಳೆಯ ಚಿಪ್ಪುಗಳಲ್ಲಿ ಈ ತಂತಿಗಳೇ ಹೆಚ್ಚು ಬೆಲೆಯವು.

ಪ್ರಾಸೆಸರುಗಳದು ಬೇರೆಯೇ ಕಥೆ. 1985ರ 386, 1989ರ 486, 1995ರ ಪೆಂಟಿಯಂ ಪ್ರೊ, ಇವೆಲ್ಲ ಪಿಂಗಾಣಿಯ ಮೈಯವು. ಇವುಗಳ ಪಿನ್ನುಗಳಿಗೂ ಮೈಗೂ ಬಂಗಾರವನ್ನು ಧಾರಾಳವಾಗಿ ಹಚ್ಚುತ್ತಿದ್ದರು. ಆಮೇಲೆ ಬಂದ ಹಸಿರು ಮೈಯ ಪ್ರಾಸೆಸರುಗಳಲ್ಲಿ ಅದು ತೀರ ಕಡಿಮೆಯಾಯಿತು. ಆದ್ದರಿಂದ ಪಿಂಗಾಣಿಯದು ಸಿಕ್ಕರೆ ಬೇರೆ ಡಬ್ಬಿಯಲ್ಲಿಡಿ, ಹಸಿರಿನವುಗಳ ಜೊತೆ ಕಲಸಬೇಡಿ, ಪಿನ್ನು ಕೀಳಬೇಡಿ.

ಬಿಚ್ಚುವ ಕ್ರಮಕ್ಕೆ ಬರೋಣ. ಮೊದಲು ಬ್ಯಾಟರಿ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂತೆ ಕೂತಿರುವ ಲಿಥಿಯಂ ಬಿಲ್ಲೆಯನ್ನು ಕಿತ್ತು, ಅದಕ್ಕೆ ಟೇಪು ಸುತ್ತಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಮಗು ಅದನ್ನು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಇದು ಉತ್ಪ್ರೇಕ್ಷೆಯಲ್ಲ. ಅಂಥದ್ದಾದರೆ ಒಂದು ನಿಮಿಷವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. 386, 486 ಕಾಲದ ಬೋರ್ಡುಗಳಲ್ಲಿ ಪೀಪಾಯಿ ಆಕಾರದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ, ಅದು ಸೋರಿ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ಆ ಕಿಲುಬನ್ನು ಬರಿಗೈಯಲ್ಲಿ ಕೆರೆಯಬೇಡಿ. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಶತ್ರು.

ಆಮೇಲೆ ಫ್ಯಾನು, ಅದರ ಕೆಳಗಿನ ಅಲ್ಯೂಮಿನಿಯಂ ಹೀಟ್‌ಸಿಂಕು. ನಂತರ ರ‍್ಯಾಮು, ಪ್ರಾಸೆಸರು, ಕಾರ್ಡುಗಳು. ಕಾರ್ಡಿನ ತುದಿಯ ಕಬ್ಬಿಣದ ಪಟ್ಟಿಯನ್ನು ಸ್ಕ್ರೂ ಬಿಚ್ಚಿ ಕಬ್ಬಿಣಕ್ಕೆ ಹಾಕಿ. ಬೋರ್ಡಿನ ಜೊತೆ ಕಬ್ಬಿಣ, ಅಲ್ಯೂಮಿನಿಯಂ ಉಳಿದರೆ ಕೊಳ್ಳುವವನು ಇಡೀ ಬೋರ್ಡಿನ ದರ್ಜೆ ಇಳಿಸುತ್ತಾನೆ. ಪವರ್ ಸಪ್ಲೈಯ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನು ಬಲ್ಲವರ ಕೈಗೇ ಬಿಡಿ. ಹಾರ್ಡ್‌ಡಿಸ್ಕಿನ ಮೈ ಒಳ್ಳೆಯ ಅಲ್ಯೂಮಿನಿಯಂ, ಒಳಗೆ ನಿಯೋಡಿಮಿಯಂ ಅಯಸ್ಕಾಂತ, ಬೆನ್ನಿಗೆ ಒಳ್ಳೆಯ ದರ್ಜೆಯ ಪುಟ್ಟ ಬೋರ್ಡು. ಕಚೇರಿಯ ಯಂತ್ರವಾಗಿದ್ದರೆ ಮೊದಲು ಅದರೊಳಗಿನ ಮಾಹಿತಿ ನಾಶವಾಗುವ ಹಾಗೆ ನೋಡಿಕೊಳ್ಳಿ, ಅದರಲ್ಲಿ ಊರ ಜನರ ಖಾತೆ, ಜಮೀನು, ಸಾಲದ ವಿವರಗಳಿರುತ್ತವೆ.

ಡಬ್ಬಿ ಮಾನಿಟರನ್ನು ಒಡೆಯಲೇಬೇಡಿ. ಕುತ್ತಿಗೆಯ ಸುತ್ತಿನ ತಾಮ್ರದ ಸುರುಳಿಗಾಗಿ ಕಲ್ಲಿನಿಂದ ಕುಟ್ಟಿ ಒಡೆಯುವವರನ್ನು ನೀವೂ ನೋಡಿರುತ್ತೀರಿ. ಆ ಗಾಜಿನ ಕೊಳವೆಯ ಒಳಗೆ ಗಾಳಿಯಿಲ್ಲ, ಒಡೆದಾಗ ಚೂರು ಸಿಡಿಯುತ್ತದೆ. ಹಿಂಬದಿಯ ಆಲಿಕೆಯಾಕಾರದ ಗಾಜಿನಲ್ಲಿ ಸೀಸ ಬೆರೆತಿರುತ್ತದೆ. ಒಂದು ಹಿಡಿ ತಾಮ್ರಕ್ಕಾಗಿ ಒಂದು ಅಂಗಳಕ್ಕೆಲ್ಲ ಸೀಸ ಚೆಲ್ಲಿದಂತಾಗುತ್ತದೆ.

ಸೀಸ ಬೋರ್ಡಿನಲ್ಲೂ ಇದೆ. ಭೂಮಿ, ಮಾಹಿತಿ ಸಿಂಧು ಕಾಲದ ಯಂತ್ರಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. ಯುರೋಪಿನಲ್ಲಿ 2006ರ ಜುಲೈ 1ರಿಂದ ಸೀಸದ ಬೆಸುಗೆಗೆ ಕಡಿವಾಣ ಬಿತ್ತು, ನಮ್ಮ ದೇಶದಲ್ಲಿ ಅಂಥ ನಿಯಮ ಜಾರಿಗೆ ಬಂದದ್ದು 2014ರ ಮೇ 1ರಿಂದ. ಹಾಗಾಗಿ ಈಗ ಅಟ್ಟದಿಂದ ಇಳಿಯುತ್ತಿರುವ ಹಳೆಯ ಬೋರ್ಡೆಲ್ಲ ಸೀಸದ್ದೇ ಎಂದು ತಿಳಿದು ನಡೆಯುವುದು ಕ್ಷೇಮ. ಸ್ಕ್ರೂ ಬಿಚ್ಚಿ ಬೇರ್ಪಡಿಸುವಾಗ ಬೋರ್ಡಿನ ಸೀಸ ಬೋರ್ಡಿನಲ್ಲೇ ಇರುತ್ತದೆ. ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಕೆಲಸದ ಜಾಗದಲ್ಲಿ ರೊಟ್ಟಿ ಬಿಚ್ಚದಿದ್ದರೆ ಅಪಾಯ ಬಹಳ ಮಟ್ಟಿಗೆ ದೂರ. ಮಕ್ಕಳನ್ನು, ಬಸುರಿಯರನ್ನು ಈ ಕೆಲಸಕ್ಕೆ ಕೂರಿಸಲೇಬಾರದು. ಮಗುವಿನ ಮಿದುಳಿಗೆ ಇಷ್ಟು ಸೀಸದಿಂದ ತೊಂದರೆಯಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅನಾಹುತ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಬೋರ್ಡನ್ನು ಕಾಯಿಸಿ ಚಿಪ್ಪು ಉದುರಿಸುವುದು, ವೈರು ಸುಟ್ಟು ತಾಮ್ರ ತೆಗೆಯುವುದು, ಆಮ್ಲದಲ್ಲಿ ಅದ್ದಿ ಬಂಗಾರ ಕರಗಿಸುವುದು. ಈಗ ಮೊಬೈಲಿನಲ್ಲಿ ಇದನ್ನೆಲ್ಲ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಒಂದು ಬಟ್ಟಲು, ಎರಡು ಬಾಟಲಿ ಆಮ್ಲ, ಕೊನೆಗೆ ಒಂದು ಗುಂಡು ಬಂಗಾರ. ನಮ್ಮ ಹುಡುಗರು ನೋಡುತ್ತಾರೆ, ನನ್ನ ಅಂಗಡಿಗೆ ಬಂದು ಕೇಳುತ್ತಾರೆ: “ಅಣ್ಣಾ, ನಾವೂ ಮಾಡೂಣೇನು?”

ಅವರಿಗೆ ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಅರ್ಧ ಕಿಲೋ ತೂಗುವ ಒಂದು ಒಳ್ಳೆಯ ಬೋರ್ಡು. ಟನ್ನಿಗೆ 250 ಗ್ರಾಂ ಅಂದರೆ ಅದರಲ್ಲಿರುವುದು ಒಂದು ಗ್ರಾಮಿನ ಎಂಟನೆಯ ಒಂದು ಪಾಲು. ಎಂಟು ಬೋರ್ಡು ಕೂಡಿದರೆ ಒಂದು ಗ್ರಾಂ, ಅದೂ ಒಂದು ಕಣವೂ ಕಳೆಯದೆ ಕೈಗೆ ಬಂದರೆ. ಆದರೆ ಬಟ್ಟಲಿನ ಆಮ್ಲದಲ್ಲಿ ಅಷ್ಟು ಬರುವುದಿಲ್ಲ. ಇದು ನನ್ನ ಅಂದಾಜಲ್ಲ, ನಮ್ಮ ಬೆಂಗಳೂರಿನಲ್ಲೇ ಅಳೆದು ನೋಡಿದ ಸಂಗತಿ. 2006ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಸಂಶೋಧಕರು ಬೆಂಗಳೂರಿನ ಗುಜರಿ ಕೇರಿಗಳಲ್ಲಿ ಆಮ್ಲದಿಂದ ಬಂಗಾರ ತೆಗೆಯುವವರ ಕೆಲಸವನ್ನು ಹಂತ ಹಂತವಾಗಿ ತೂಗಿದರು. ಬೋರ್ಡಿನಲ್ಲಿದ್ದ ಬಂಗಾರದಲ್ಲಿ ಅವರ ಕೈಗೆ ಬರುತ್ತಿದ್ದದ್ದು ಹೆಚ್ಚೆಂದರೆ ಕಾಲುಭಾಗ. ಉಳಿದ ಮುಕ್ಕಾಲು ಎಲ್ಲಿ ಹೋಯಿತು? ಒಂದಷ್ಟು ಚಿಪ್ಪಿನ ಹೊಟ್ಟೆಯಲ್ಲೇ ಉಳಿಯಿತು, ಒಂದಷ್ಟು ಬಿಡಿಸುವಾಗ ಉದುರಿತು, ಒಂದಷ್ಟು ಆಮ್ಲದ ಜೊತೆ ಚರಂಡಿಗೆ ಹರಿಯಿತು. ಬೆಳ್ಳಿ, ಪಲ್ಲೇಡಿಯಂಗಳ ಗತಿಯಂತೂ ಹೇಳುವುದೇ ಬೇಡ. ಅದೇ ಬೋರ್ಡು ಯುರೋಪಿನ ಸುಸಜ್ಜಿತ ಕುಲುಮೆಗೆ ಹೋದರೆ ನೂರಕ್ಕೆ 95 ಪಾಲಿಗೂ ಹೆಚ್ಚು ಬಂಗಾರ ಮರಳಿ ಬರುತ್ತದೆ. ಅಂದರೆ ಎಂಟು ಬೋರ್ಡಿನಲ್ಲಿ ಸಿಗಬೇಕಾದ ಗ್ರಾಮಿಗೆ ನಮ್ಮ ಹುಡುಗ ಮೂವತ್ತೆರಡು ಬೋರ್ಡುಗಳನ್ನು ಆಮ್ಲಕ್ಕೆ ಅದ್ದಬೇಕು.

ಅವನ ಪುಪ್ಪುಸಕ್ಕೆ ಎಷ್ಟಾಯಿತೆಂಬ ಲೆಕ್ಕ ಇದರಲ್ಲಿಲ್ಲ. ಆಮ್ಲದಿಂದ ಏಳುವ ಕಂದು ಹೊಗೆಯನ್ನು ಉಸಿರಾಡಿದವನಿಗೆ ಆ ಕ್ಷಣಕ್ಕೆ ಬರೀ ಕೆಮ್ಮು ಬರಬಹುದು. ಎಷ್ಟೋ ತಾಸಿನ ಮೇಲೆ, ಮನೆಗೆ ಹೋಗಿ ಮಲಗಿದಾಗ, ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಬೋರ್ಡು ಸುಟ್ಟಾಗ ಬರುವ ಹೊಗೆಯದು ಇನ್ನೊಂದು ವಿಷ. ಬೆಂಕಿ ಹತ್ತದಿರಲೆಂದು ಬೋರ್ಡಿಗೆ ಬ್ರೋಮಿನ್ ಇರುವ ರಾಸಾಯನಿಕ ಬೆರೆಸಿರುತ್ತಾರೆ. ಅದನ್ನು ಬಯಲಿನಲ್ಲಿ ಸುಟ್ಟಾಗ ಡಯಾಕ್ಸಿನ್ ಜಾತಿಯ ವಿಷಗಳು ಹುಟ್ಟುತ್ತವೆ, ಅವು ಮಣ್ಣಿಗೆ, ಮೇವಿಗೆ, ಹಾಲಿಗೆ ಇಳಿಯುತ್ತವೆ. 2009ರಲ್ಲಿ ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೆಂಗಳೂರಿನ ಇ-ತ್ಯಾಜ್ಯದ ಜಾಗಗಳ ಮಣ್ಣು, ಗಾಳಿ, ಕೆಲಸಗಾರರ ತಲೆಗೂದಲುಗಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಮಣ್ಣಿನಲ್ಲಿ ತಾಮ್ರ, ಸೀಸ, ತವರ, ಕ್ಯಾಡ್ಮಿಯಂ, ಪಾದರಸ ಹೆಚ್ಚಿನ ಮಟ್ಟದಲ್ಲಿ ಸಿಕ್ಕವು. ಕೆಲಸಗಾರರ ಕೂದಲೂ ಅದಕ್ಕೆ ಸಾಕ್ಷಿ ಹೇಳಿತು.

ಬೆಂಗಳೂರು ನಮಗೆ ದೂರ ಅನ್ನಬೇಡಿ. ಮಹಾಕೂಟಕ್ಕೆ ಹೋದವರು ವಿಷ್ಣು ಪುಷ್ಕರಣಿಯನ್ನು ನೋಡಿಯೇ ಇರುತ್ತೀರಿ. ಚಾಲುಕ್ಯರ ಕಾಲದ ಗುಡಿಗಳ ನಡುವೆ, ಬೇಸಿಗೆಯಲ್ಲೂ ತಿಳಿಯಾಗಿ ತುಂಬಿರುವ ಹೊಂಡ ಅದು, ನೀರಿನಲ್ಲೇ ಚಿಕ್ಕ ಮಂಟಪ, ಅದರಲ್ಲಿ ಐದು ಮುಖದ ಲಿಂಗ. ನಮ್ಮ ಊರ ಮಕ್ಕಳು ಈಜು ಕಲಿಯುವುದು ಅಲ್ಲೇ. ಆ ನೀರು ಯಾವ ಕಾಲುವೆಯಿಂದಲೂ ಬಂದದ್ದಲ್ಲ, ನೆಲದ ಬುಗ್ಗೆಯದು. ನಮ್ಮ ಸುತ್ತಲಿನದು ಮರಳುಗಲ್ಲಿನ ಗುಡ್ಡ. ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿದು, ಒಳಗೊಳಗೇ ಸಾಗಿ, ತಗ್ಗಿನಲ್ಲಿ ಚಿಮ್ಮುತ್ತದೆ. ಇಂಥ ನೆಲದಲ್ಲಿ ಮೇಲೆ ಚೆಲ್ಲಿದ್ದು ಮೇಲೆಯೇ ಉಳಿಯುವುದಿಲ್ಲ. ಯಾರದೋ ಹಿತ್ತಲಲ್ಲಿ ಸುರಿದ ಲೋಹದ ಆಮ್ಲ ಮಳೆಗಾಲದಲ್ಲಿ ಯಾವ ಬಿರುಕು ಹಿಡಿದು ಯಾರ ಬಾವಿಗೆ, ಯಾವ ಹಳ್ಳಕ್ಕೆ ಸೇರುತ್ತದೆಂದು ಹೇಳಲಾಗದು. ಹಳ್ಳ ಸೇರಿದ್ದು ಮಲಪ್ರಭೆಗೆ, ಮಲಪ್ರಭೆ ಸೇರಿದ್ದು ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ. ಹಳ್ಳದ ದಂಡೆಯಲ್ಲಿ ವೈರು ಸುಟ್ಟ ಕರಿ ಕಲೆ ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೂರು ರೂಪಾಯಿಯ ತಾಮ್ರಕ್ಕಾಗಿ ಮಾಡಿದ ಕೆಲಸ ಅದು. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಸುಲಿದರೂ ಅದೇ ತಾಮ್ರ ಸಿಗುತ್ತಿತ್ತು, ಸುಡದ ತಾಮ್ರಕ್ಕೆ ಬೆಲೆಯೂ ಹೆಚ್ಚು.

ಹಾಗಾದರೆ ಬೋರ್ಡನ್ನು ಯಾರು ಕರಗಿಸಬೇಕು? ನಮ್ಮ ರಾಜ್ಯದಲ್ಲೇ ಇದಕ್ಕೊಂದು ದಾರಿ ಹಾಕಿಕೊಟ್ಟವರಿದ್ದಾರೆ. 2005ರಲ್ಲಿ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಡಾ. ಪಿ. ಪಾರ್ಥಸಾರಥಿಯವರು ಇ-ಪರಿಸರ ಎಂಬ ಘಟಕ ಆರಂಭಿಸಿದರು. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ ಅದು. ಅಲ್ಲಿಯ ಕೆಲಸ ಶುರುವಾಗುವುದು ಬೆಂಕಿಯಿಂದಲ್ಲ, ಕೈಯಿಂದ. ಬಿಚ್ಚುವುದು, ಬೇರ್ಪಡಿಸುವುದು, ಆಮೇಲೆ ಆಯಾ ಲೋಹಕ್ಕೆ ಆಯಾ ದಾರಿ. ಬೆಂಗಳೂರಿನಿಂದ ಬೋರ್ಡುಗಳನ್ನು ಬೆಲ್ಜಿಯಂ ದೇಶದ ಹೊಬೋಕನ್‌ನಲ್ಲಿರುವ ಉಮಿಕೋರ್ ಕಂಪನಿಯ ಕುಲುಮೆಗೆ ಕಳಿಸುವ ಪ್ರಯತ್ನವೂ ಆ ವರ್ಷಗಳಲ್ಲಿ ನಡೆಯಿತು. ಅಲ್ಲಿ ಸಾವಿರ ಡಿಗ್ರಿಗೂ ಮೇಲಿನ ಕಾವಿನಲ್ಲಿ ಬೋರ್ಡಿನ ತಾಮ್ರ ಕರಗಿ, ಬಂಗಾರ, ಬೆಳ್ಳಿ, ಪಲ್ಲೇಡಿಯಂಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೊಗೆಯನ್ನು ತಣಿಸಿ, ತೊಳೆದು, ಸೋಸಿದ ಮೇಲೆಯೇ ಹೊರಗೆ ಬಿಡುತ್ತಾರೆ. ಹದಿನೇಳು ಲೋಹಗಳನ್ನು ಅಲ್ಲಿ ಮರಳಿ ಪಡೆಯುತ್ತಾರೆ.

ಆ ಪ್ರಯತ್ನದ ಹಿಂದಿನ ಆಲೋಚನೆ ನನಗೆ ಬಹಳ ಸರಿ ಅನ್ನಿಸುತ್ತದೆ. ಕೈಯಿಂದ ಬಿಚ್ಚಿ ವಿಂಗಡಿಸುವ ಕೆಲಸದಲ್ಲಿ ಯಂತ್ರಕ್ಕಿಂತ ನಮ್ಮ ಜನರೇ ಮೇಲು. ಯಂತ್ರ ಎಲ್ಲವನ್ನೂ ಒಟ್ಟಿಗೆ ಹುಡಿ ಮಾಡುತ್ತದೆ, ಆ ಹುಡಿಯಲ್ಲಿ ಬಂಗಾರ ಕಳೆದುಹೋಗುತ್ತದೆ. ಕರಗಿಸುವ ಕೆಲಸದಲ್ಲಿ ಮಾತ್ರ ದೊಡ್ಡ ಕುಲುಮೆಯೇ ಮೇಲು. ಮೊದಲನೆಯದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರು, ಒಂದು ಇಕ್ಕುಳ, ಪಳಗಿದ ಕಣ್ಣು. ಅದು ಬಾದಾಮಿಯಲ್ಲೂ ಇರಬಹುದು, ಇಳಕಲ್ಲಿನಲ್ಲೂ ಇರಬಹುದು. ಎರಡನೆಯದು ನಮ್ಮ ಹಿತ್ತಲಿನ ಕೆಲಸ ಅಲ್ಲವೇ ಅಲ್ಲ.

ಇಳಕಲ್ಲಿನಿಂದ ಪೂರ್ವಕ್ಕೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ, ಇಂದಿಗೂ ಬಂಗಾರದ ಗಣಿ ನಡೆಯುತ್ತಿದೆ. ನಮ್ಮ ಜಿಲ್ಲೆಯ ಅನೇಕ ಕುಟುಂಬಗಳಿಗೆ ಹಟ್ಟಿಯ ನಂಟಿದೆ. ಅಲ್ಲಿ ಒಂದು ಟನ್ ಅದಿರನ್ನು ನೆಲದಾಳದಿಂದ ಎತ್ತಿ, ಪುಡಿ ಮಾಡಿ, ಸೋಸಿದರೆ ಸಿಗುವುದು ಕೆಲವೇ ಗ್ರಾಂ. ಬಂಗಾರ ಬೇರ್ಪಡಿಸಲು ಸಯನೈಡ್ ಬಳಸುತ್ತಾರೆ. ಅದಕ್ಕೆ ತೊಟ್ಟಿಗಳು, ಉಳಿಕೆ ಕೆಸರಿಗೆ ಒಡ್ಡು ಕಟ್ಟಿದ ಜಾಗ, ಪರೀಕ್ಷೆಗೆ ಪ್ರಯೋಗಾಲಯ, ಇಂಜಿನಿಯರುಗಳು. ಒಂದು ದೊಡ್ಡ ಕಂಪನಿ ಇಷ್ಟೆಲ್ಲ ಎಚ್ಚರ ವಹಿಸಿ ಮಾಡುವ ಕೆಲಸವನ್ನು ಒಬ್ಬ ಹುಡುಗ ಪ್ಲಾಸ್ಟಿಕ್ ಬಕೇಟಿನಲ್ಲಿ ಮಾಡಲು ಹೊರಟರೆ ಮನೆಯ ಹಿರಿಯರು ಅವನ ಕೈ ಹಿಡಿದು ನಿಲ್ಲಿಸಬೇಕು.

ಜಗತ್ತಿನ ಲೆಕ್ಕವನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದೆಯೆಂದು ದಾಖಲೆಯಿರುವುದು ನೂರಕ್ಕೆ 22.3 ಪಾಲು ಮಾತ್ರ. ಜಪಾನೀಯರು ಟೋಕಿಯೋ ಒಲಿಂಪಿಕ್ಸಿನ ಪದಕಗಳಿಗಾಗಿ 2017ರಿಂದ 2019ರವರೆಗೆ ಊರೂರುಗಳಿಂದ ಹಳೆಯ ಮೊಬೈಲು, ಸಣ್ಣ ಯಂತ್ರಗಳನ್ನು ಕೂಡಿಸಿದರು. 78,985 ಟನ್ ಸಾಮಾನು ಬಂತು, ಅದರಿಂದ 32 ಕಿಲೋ ಬಂಗಾರ ತೆಗೆದು ಎಲ್ಲ ಚಿನ್ನದ ಪದಕಗಳಿಗೆ ಲೇಪ ಕೊಟ್ಟರು. ಒಂದು ಇಡೀ ದೇಶದ ಪುರಸಭೆಗಳು, ಅಂಚೆ ಕಚೇರಿಗಳು, ಶಾಲೆಗಳು ಕೈಜೋಡಿಸಿದ್ದರಿಂದ ಅದಾಯಿತು.

ನಮ್ಮಲ್ಲಿ ಕಾನೂನು ಇದೆ. ಮೊದಲ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಈಗಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಯಂತ್ರ ತಯಾರಿಸಿದ ಕಂಪನಿಯೇ ಅದರ ಕೊನೆಗಾಲದ ಹೊಣೆ ಹೊರಬೇಕೆಂಬುದು ಇದರ ತಿರುಳು. ದೊಡ್ಡ ಬಳಕೆದಾರರು ತಮ್ಮ ಹಳೆಯ ಯಂತ್ರಗಳನ್ನು ನೋಂದಾಯಿತರಿಗೇ ಕೊಡಬೇಕು. ಆದರೆ ದೊಡ್ಡ ಬಳಕೆದಾರ ಅಂದರೆ ಯಾರು? ವರ್ಷದಲ್ಲಿ ಯಾವಾಗಲಾದರೂ ಕನಿಷ್ಠ ಸಾವಿರ ಉಪಕರಣ ಬಳಸುವ ಸಂಸ್ಥೆ. ಹುನಗುಂದದ ಒಂದು ಡಿಟಿಪಿ ಅಂಗಡಿ, ಗುಳೇದಗುಡ್ಡದ ಒಂದು ಪತ್ತಿನ ಸಂಘ, ಖಾಸಗಿ ಶಾಲೆ, ನನ್ನಂಥ ರಿಪೇರಿ ಅಂಗಡಿ, ಇವಾವುವೂ ಆ ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಊರುಗಳ ಹಳೆಯ ಬೋರ್ಡುಗಳ ಬಹುಪಾಲು ಇರುವುದು ಇಂಥ ಸಣ್ಣವರ ಹತ್ತಿರ. ಅವರಿಗೆ ಕಟ್ಟುಪಾಡೂ ಇಲ್ಲ, ದಾರಿ ತೋರಿಸುವವರೂ ಇಲ್ಲ. ಇದು ನನ್ನ ಮನಸ್ಸನ್ನು ಕೊರೆಯುವ ವಿಚಾರ. ಕಾನೂನು ಕೈಬಿಟ್ಟ ಕಡೆ ಊರು ತಾನಾಗಿ ಏನಾದರೂ ಮಾಡಬೇಕು.

ಮಾಡಲು ಸಾಧ್ಯವಿದೆ. ನೋಂದಾಯಿತ ಮರುಬಳಕೆದಾರರ ಗಾಡಿ ನಾಲ್ಕು ಬೋರ್ಡಿಗಾಗಿ ಬಾದಾಮಿಯವರೆಗೆ ಬರುವುದಿಲ್ಲ, ಬಾಡಿಗೆಯೇ ಹುಟ್ಟುವುದಿಲ್ಲ. ಆದರೆ ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲಿನ ರಿಪೇರಿ ಅಂಗಡಿಯವರು, ಗುಜರಿ ವ್ಯಾಪಾರಿಗಳು ತಮ್ಮ ತಮ್ಮಲ್ಲೇ ವಿಂಗಡಿಸಿ, ಒಂದು ಕಡೆ ಕೂಡಿಸಿದರೆ ಅದು ಟನ್ನಿನ ಲೆಕ್ಕಕ್ಕೆ ಬರುತ್ತದೆ. ಬೋರ್ಡು ಕೊಳೆಯುವ ಸಾಮಾನಲ್ಲ. ಮಳೆ ತಾಗದ ಕಡೆ ಚೀಲದಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬ್ಯಾಟರಿಯನ್ನು ಮಾತ್ರ ಅದರ ಜೊತೆ ಇಡಬಾರದು, ರಾಶಿಯಲ್ಲಿ ಒಂದಕ್ಕೊಂದು ತಾಗಿ ಬೆಂಕಿ ಹತ್ತುತ್ತದೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯಿದ್ದರೆ ಒಣ ಮರಳಿನ ಡಬ್ಬಿಯಲ್ಲಿ, ಮನೆಯಿಂದ ಹೊರಗೆ ಇಡಿ.

ಕೊಡುವ ಮೊದಲು ಕೊಳ್ಳುವವನ ಬಳಿ ನೋಂದಣಿ ಇದೆಯೇ ಎಂದು ಕೇಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ಲಿನಲ್ಲಿ ನೋಂದಾಯಿತ ಮರುಬಳಕೆದಾರರ ಹೆಸರುಗಳಿವೆ. ಓದಲು ಬಾರದವರಿಗೆ ಮನೆಯ ಮಕ್ಕಳು ನೋಡಿ ಹೇಳಬಹುದು. ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿ ಬಾಗಲಕೋಟೆಯಲ್ಲೇ ಇದೆ, ಅಲ್ಲಿಯೂ ವಿಚಾರಿಸಬಹುದು. ತೂಕವನ್ನು ನಿಮ್ಮೆದುರಿಗೇ ಮಾಡಿಸಿ, ಯಾವ ದರ್ಜೆಯ ಬೋರ್ಡು ಎಷ್ಟು ಕಿಲೋ ಎಂದು ಬೇರೆ ಬೇರೆ ಬರೆಸಿ ರಸೀದಿ ತೆಗೆದುಕೊಳ್ಳಿ. ಒಟ್ಟು ಇಷ್ಟು ಕಿಲೋ, ಇಷ್ಟು ರೂಪಾಯಿ ಎಂಬ ಚೀಟಿಗೆ ಒಪ್ಪಬೇಡಿ.

ಇನ್ನೊಂದು ಕೋರಿಕೆ ಇದೆ, ಅದು ಐಟಿಐ ಮತ್ತು ಪಾಲಿಟೆಕ್ನಿಕ್ಕಿನ ಗುರುಗಳಿಗೆ. ಎಲೆಕ್ಟ್ರಾನಿಕ್ಸ್ ಓದುವ ಹುಡುಗರಿಗೆ ಬೋರ್ಡು ಮಾಡುವುದನ್ನು, ರಿಪೇರಿ ಮಾಡುವುದನ್ನು ಕಲಿಸುತ್ತೀರಿ. ಅದರ ಜೊತೆ ಒಂದು ವಾರ ಬಿಚ್ಚುವುದನ್ನೂ ಕಲಿಸಿ. ಕಂದು ಯಾವುದು, ಗಾಜಿನದು ಯಾವುದು, ಪಿಂಗಾಣಿ ಪ್ರಾಸೆಸರು ಯಾವುದು, ಸೀಸದ ಗಾಜು ಎಲ್ಲಿರುತ್ತದೆ ಎಂದು ಕೈಗೆ ಕೊಟ್ಟು ತೋರಿಸಿ. ಆ ವಾರದ ಒಂದು ದಿನ ಊರಿನ ಗುಜರಿ ವ್ಯಾಪಾರಿಗಳನ್ನೂ ಕರೆದು ಕೂರಿಸಿ. ಚಾಚಾನಂಥವರು ಬರುತ್ತಾರೆ, ನಾನೇ ಕರೆದುಕೊಂಡು ಬರುತ್ತೇನೆ. ಅವರು ಬರುವಾಗ ಒಂದು ಬೆರಕೆ ಚೀಲ ತರಲಿ, ಹುಡುಗರು ಅವರೆದುರಿಗೇ ಅದನ್ನು ವಿಂಗಡಿಸಿ, ಎರಡು ತಕ್ಕಡಿಗೆ ಹಾಕಿ ತೂಗಲಿ. ಹುಬ್ಬಳ್ಳಿಯಿಂದ ಬರುವ ಕೊಳ್ಳುವವರಿಗೆ ಮುಂದಿನ ಸಲ ಯಾವ ರೇಟು ಕೇಳಬೇಕೆಂಬುದು ಅಲ್ಲೇ ಇತ್ಯರ್ಥವಾಗುತ್ತದೆ.